ಕಲ್ಲಿಗೊಂದು ತೂಕ

ಅಡುಗೆಮನೆಯ ಬಾಗಿಲ ಹತ್ತಿರದ ಕಲ್ಲಿನ ಮೇಲೆ ನಾನು ಎಂಬತ್ತೆಂಟು ಕಿಲೋ ಇರುತ್ತಿದ್ದೆ. ಪಡಸಾಲೆಯಲ್ಲಿ ಟಿವಿಯ ಎದುರು ನಿಂತರೆ ಎಂಬತ್ತೊಂಬತ್ತೂವರೆ. ಬಚ್ಚಲ ಮುಂದೆ ನಿಂತರೆ ತೊಂಬತ್ತು ದಾಟುತ್ತಿತ್ತು, ಹಾಗಾಗಿ ಅಲ್ಲಿ ನಿಲ್ಲುವುದನ್ನೇ ಬಿಟ್ಟಿದ್ದೆ. ಮನುಷ್ಯ ಒಬ್ಬನೇ, ಯಂತ್ರ ಒಂದೇ, ಹೊತ್ತೂ ಅದೇ ಬೆಳಗಿನ ಹೊತ್ತು. ಬದಲಾಗುತ್ತಿದ್ದದ್ದು ಕಾಲ ಕೆಳಗಿನ ಫರ್ಸಿಕಲ್ಲು. ಪ್ರತಿಯೊಬ್ಬರಿಗೂ ತಮ್ಮ ಮನೆಯಲ್ಲಿ ಇಷ್ಟದ ಜಾಗ ಒಂದಿರುತ್ತದೆ. ಒಬ್ಬರಿಗೆ ಗಾಳಿ ಬರುವ ಕಿಟಕಿ, ಇನ್ನೊಬ್ಬರಿಗೆ ಫೋನಿನ ಸಿಗ್ನಲ್ ಸಿಗುವ ಮೆಟ್ಟಿಲು. ನನಗೆ, ನನ್ನನ್ನು ಎರಡು ಕಿಲೋ ತೆಳ್ಳಗೆ ಮಾಡುವ ಆ ಕಲ್ಲು.

ಟೈಲ್ಸಿನ ಮನೆಯವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಸೇಡಂನ ನಮ್ಮ ಮನೆಗೆ ಅಜ್ಜ ಹಾಸಿಸಿದ್ದು ಶಹಾಬಾದ ಕಲ್ಲು. ಅದು ನೆಲದಿಂದ ಪದರು ಪದರಾಗಿ ಎದ್ದು ಬರುತ್ತದೆ. ಈಗಿನವರು ಅದಕ್ಕೆ ಪಾಲಿಶ್ ಹೊಡೆಸಿ ಮುಖ ನೋಡಿಕೊಳ್ಳುವಷ್ಟು ನುಣುಪು ಮಾಡುತ್ತಾರೆ; ನಮ್ಮಜ್ಜ ಬಂದ ಹಾಗೆ ಹಾಸಿ, ಬಂದ ಹಾಗೆ ಬದುಕಿ, ಬಂದ ಹಾಗೆ ಹೋದ. ಒಂದು ಕಲ್ಲಿಗೆ ನಡುವೆ ಉಬ್ಬು, ಒಂದಕ್ಕೆ ಅಂಚಿನಲ್ಲಿ ತಗ್ಗು. ಅದರ ಮೇಲೆ ನಾಲ್ಕು ಕಾಲಿನ ತೂಕದ ಯಂತ್ರ ಇಟ್ಟರೆ ಮೂರು ಕಾಲು ನೆಲ ಮುಟ್ಟುತ್ತವೆ, ನಾಲ್ಕನೆಯದು ಗಾಳಿಯಲ್ಲಿ ವಿಚಾರ ಮಾಡುತ್ತಿರುತ್ತದೆ. ಅಡುಗೆಮನೆ ಬಾಗಿಲ ಕಲ್ಲಿಗಂತೂ ನಡುವೆ ಒಳ್ಳೇ ಬೋಳು ತಲೆಯಂಥ ಉಬ್ಬು. ಅದು ಯಂತ್ರದ ಹೊಟ್ಟೆಗೆ ತಾಗಿ, ನನ್ನ ಭಾರದಲ್ಲಿ ಒಂದು ಪಾಲನ್ನು ತಾನೇ ಹೊತ್ತುಕೊಳ್ಳುತ್ತಿತ್ತು. ಇಷ್ಟು ಪರೋಪಕಾರ ಈಗ ಮನುಷ್ಯರಲ್ಲಿ ಎಲ್ಲಿ ಸಿಗುತ್ತದೆ ಹೇಳಿ.

ಇದರಲ್ಲಿ ನಾಚಿಕೆಯ ಸಂಗತಿ ಎಂದರೆ ನನ್ನ ದಂಧೆಯೇ ತೂಕದ್ದು. ಸೇಡಂ ಬಜಾರದಲ್ಲಿ ನನ್ನದೊಂದು ಅಡತ ಅಂಗಡಿ ಇದೆ. ರೈತರು ತಂದ ತೊಗರಿಯನ್ನು ತೂಗಿಸಿ ಮಾರಿಸಿಕೊಡುವುದು ಕೆಲಸ. ಅರ್ಧ ಆಯುಷ್ಯ ಕಾಟಾದ, ಎಂದರೆ ದೊಡ್ಡ ತಕ್ಕಡಿಯ, ಮುಂದೆ ಕೂತವನು. ಕಾಟಾ ಕೂದಲೆಳೆಯಷ್ಟು ವಾಲಿದ್ದರೂ ಬೀದಿಯ ಆಚೆ ಕಡೆಯಿಂದ ಹೇಳಬಲ್ಲೆ ಎಂದು ಜಂಬ ಬೇರೆ. ಅಂಥವನು ಮನೆಯೊಳಗೆ ಬರಿಮೈಯಲ್ಲಿ, ಉಸಿರು ಬಿಗಿಹಿಡಿದು, ತನಗೆ ಬೇಕಾದ ಉತ್ತರ ಹೇಳುವ ಕಲ್ಲನ್ನು ಹುಡುಕುತ್ತ ಓಡಾಡುತ್ತಿದ್ದ.

ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಬಜಾರದಲ್ಲಿ ಖಾಲಿ ಗೋಣಿಚೀಲಕ್ಕೆ ಬಾರದಾನ ಎನ್ನುತ್ತಾರೆ. ಮಾಲಿನ ತೂಕದಿಂದ ಬಾರದಾನದ ತೂಕ ಕಳೆಯದೆ ಯಾವ ವ್ಯವಹಾರವೂ ಮುಗಿಯುವುದಿಲ್ಲ. ಆ ಚಟ ಮನೆಗೂ ಬಂತು. ಲುಂಗಿ, ಚಷ್ಮಾ, ಉಂಗುರ, ಉಡದಾರದ ಬೀಗದ ಕೈ, ಎಲ್ಲ ತೆಗೆದಿಟ್ಟು ಯಂತ್ರ ಏರುತ್ತಿದ್ದೆ. ತೆಗೆಯಲಾರದ್ದು ಒಂದೇ, ಕೊರಳಲ್ಲಿನ ಬೆಳ್ಳಿಯ ಕರಡಿಗೆ, ಅದರೊಳಗಿನ ಲಿಂಗ. ಅದನ್ನು ಮೈಮೇಲಿಂದ ಇಳಿಸುವ ಹಾಗಿಲ್ಲ. ಹಾಗಾದರೆ ಅದರ ತೂಕ ಎಷ್ಟು? ಕರಡಿಗೆ ಮಾಡಿಕೊಟ್ಟ ಪತ್ತಾರನ ಬಳಿಗೇ ಹೋಗಿ ಕೇಳಿದೆ. ತೊಗರಿಯ ಧಾರಣೆ ಬಿದ್ದು ಕೊರಳಿನದನ್ನು ಮಾರುವ ಹೊತ್ತು ಬಂತೇನೋ ಎಂದು ಅವನು ನನ್ನನ್ನು ಕನಿಕರದಿಂದ ನೋಡಿ ಚಹಾ ಹೇಳಿದ. ಅಂದಾಜು ತೂಕ ತಿಳಿದುಕೊಂಡು ಬಂದು, ದಿನಾ ಲೆಕ್ಕದಿಂದ ಅಷ್ಟನ್ನು ಕಳೆಯತೊಡಗಿದೆ. ನನ್ನ ಹೆಂಡತಿ ಸುವರ್ಣ ಒಂದು ದಿನ ಒಲೆಯ ಮುಂದಿನಿಂದಲೇ ಹೇಳಿದಳು, "ದೇವ್ರನ್ನೂ ಬಾರದಾನದಾಗ ಹಾಕಿದ್ರಿ. ಇನ್ನ ನನ್ನ ಜೋಡಿ ಆದ ಲಗ್ನದ ವಜನ ಒಂದು ಕಳೀರಿ, ಭಾಳ ಹಗುರ ಆಗ್ತೀರಿ."

ಈ ಕಸರತ್ತೆಲ್ಲ ಚೆಂದ ಕಾಣುವ ಆಸೆಗಲ್ಲ. ಐವತ್ತರ ಹೊಸ್ತಿಲಲ್ಲಿರುವ ವ್ಯಾಪಾರಿಗೆ ಹೊಟ್ಟೆ ಇದ್ದಷ್ಟೂ ಜನರಿಗೆ ನಂಬಿಕೆ ಹೆಚ್ಚು. ಕಾರಣ ನಮ್ಮ ಅಕ್ಕ ನೀಲಮ್ಮ. ಚಿಂಚೋಳಿಗೆ ಕೊಟ್ಟಿದೆ. ಅವಳ ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆ ಎರಡು ಸಲ ಕಲಬುರಗಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದಳು. ಮನೆಮಂದಿಯೆಲ್ಲ ರಕ್ತ ಕೊಟ್ಟು ತಪಾಸಣೆ ಮಾಡಿಸಿದೆವು. ಅವಳಿಗೆ ಹೊಂದಿದ್ದು ನನ್ನದು ಮಾತ್ರ. ಹೈದರಾಬಾದಿನ ಆಸ್ಪತ್ರೆಯ ಡಾಕ್ಟರಮ್ಮ ನನ್ನ ಕಾಗದಗಳನ್ನು ನೋಡಿ ಖುಷಿಪಟ್ಟರು. ಆಮೇಲೆ ನನ್ನನ್ನು ನೋಡಿದರು. ನೂರೊಂದು ಕಿಲೋ. ತಮ್ಮ ಮೆತ್ತನೆಯ ಹೈದರಾಬಾದಿ ಹಿಂದಿಯಲ್ಲಿ ಅವರು ಹೇಳಿದ್ದು ಇಷ್ಟು: ಎಂಬತ್ತೈದಕ್ಕೆ ಬನ್ನಿ, ಆಮೇಲೆ ಕತ್ತರಿ ಹಿಡಿಯುತ್ತೇನೆ. ಈ ಕೊಬ್ಬಿನೊಳಗೆ ನಿಮ್ಮ ಕಿಡ್ನಿ ಹುಡುಕುತ್ತ ಹೋಗಿ ನಿಮ್ಮನ್ನೇ ಕಳೆದುಕೊಂಡರೆ ನಿಮ್ಮ ಅಕ್ಕನಿಗೆ ನಾನೇನು ಉತ್ತರ ಕೊಡಲಿ? ಅಕ್ಕ ಎಷ್ಟು ದಿನ ತಡೆಯಬಲ್ಲಳು ಎಂದು ನಾನು ಕೇಳಿದೆ. ಅವರು ಅದಕ್ಕೆ ಲೆಕ್ಕ ಹೇಳಲಿಲ್ಲ. ತಡ ಮಾಡಬೇಡಿ, ಎಂದರು.

ಯುಗಾದಿಯ ಬೇವು ತಿಂದು ಶುರು ಮಾಡಿದೆ. ಊಟದ ಪಟ್ಟಿ ಕೊಟ್ಟ ಆಸ್ಪತ್ರೆಯ ಹುಡುಗಿ ಹೊತ್ತಿಗೆ ಎರಡು ರೊಟ್ಟಿ ಎಂದಿದ್ದಳು. ಅವಳು ಹೈದರಾಬಾದಿನವಳು, ರೊಟ್ಟಿ ಎಂದರೆ ಅವಳ ಮನಸ್ಸಿನಲ್ಲಿದ್ದದ್ದು ಅಂಗೈ ಅಗಲದ ಫುಲ್ಕಾ. ನಮ್ಮ ಮನೆಯ ಜೋಳದ ರೊಟ್ಟಿ ತಟ್ಟೆಯ ಅಂಚು ದಾಟಿ ಆಚೆ ಇಣುಕುತ್ತದೆ. ನಾನು ಡಾಕ್ಟರ ಮಾತಿಗೆ ತಪ್ಪದೆ ನಿಯತ್ತಿನಿಂದ ಎರಡೇ ತಿಂದೆ. ಸುವರ್ಣ ಒಂದು ವಾರ ನೋಡಿ, ರೊಟ್ಟಿಯ ಪಕ್ಕದಲ್ಲಿ ನನ್ನ ಕೈ ಇಡಿಸಿ ಫೋಟೊ ತೆಗೆದು ಆ ಹುಡುಗಿಗೆ ಕಳಿಸಿದಳು. ಮರುದಿನದಿಂದ ಅರ್ಧ ರೊಟ್ಟಿ. ಶೇಂಗಾ ಚಟ್ನಿಯ ಮೇಲೆ ಎಣ್ಣೆ ಬಂದ್ ಆಯಿತು. ಸಂಜೆ ಅಂಗಡಿಯಿಂದ ಬರುವಾಗ ಮಿರ್ಚಿ ಭಜಿಯ ಬಂಡಿ ಸಿಗದ ಹಾಗೆ ಊರು ಸುತ್ತಿ ಬರುವ ಹೊಸ ದಾರಿ ಹಿಡಿದೆ. ಬೆಳಿಗ್ಗೆ ಸಿಮೆಂಟ್ ಲಾರಿ ಓಡಾಡುವ ರಸ್ತೆಯಲ್ಲಿ ವಾಕಿಂಗ್. ಮರಳಿ ಬರುವಷ್ಟರಲ್ಲಿ ಹುಬ್ಬು ಬೆಳ್ಳಗಾಗಿ ನಾನು ಹತ್ತು ವರ್ಷ ದೊಡ್ಡವನಾಗಿರುತ್ತಿದ್ದೆ.

ಕಾರಹುಣ್ಣಿಮೆಯ ಹೊತ್ತಿಗೆ ಹನ್ನೊಂದು ಕಿಲೋ ಹೋಯಿತು. ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಯಾರ ಮೈಗಾದರೂ ಹತ್ತಿರಬೇಕು. ಪ್ಯಾಂಟಿಗೆ ಬೆಲ್ಟು, ಬೆಲ್ಟಿಗೆ ಹೊಸ ತೂತು. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಬಾಯಿ ಬಿಚ್ಚಿ ಉಪದೇಶ ಮಾಡತೊಡಗಿದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯ ಮುಂದಿನ ಅರ್ಧ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು, ನನಗೆ ಆಗ ನೆನಪಾಗಲಿಲ್ಲ. ಅಕ್ಕನಿಗೆ ಫೋನ್ ಮಾಡಿ, ಪಂಚಮಿ ಮುಗಿಯುವುದರೊಳಗೆ ಎಂಬತ್ತೈದಕ್ಕೆ ಬಂದು ನಿಲ್ಲುತ್ತೇನೆ ಎಂದು ಬಡಾಯಿ ಕೊಚ್ಚಿದೆ.

ನಿಂತದ್ದು ನಿಜ, ತೊಂಬತ್ತಕ್ಕೆ. ಅದೇ ಅರ್ಧ ರೊಟ್ಟಿ, ಅದೇ ಪುಂಡಿಪಲ್ಯ, ಅದೇ ಧೂಳು. ಕಾಲು ನಡೆಯುತ್ತಿತ್ತು, ಹೊಟ್ಟೆ ಹಸಿಯುತ್ತಿತ್ತು, ಅಂಕಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಒಂದು ವಾರ ಆಯಿತು, ಎರಡಾಯಿತು, ಮಿರಗದ ಮಳೆ ಬಂದು ಹೋಯಿತು.

ಇದಕ್ಕೆ ಏನು ಕಾರಣ ಎಂದು ನಾನು ಓದಿದ್ದಷ್ಟು ಕಾಲೇಜಿನಲ್ಲಿ ಓದಿದ್ದರೆ ಅಡತ ಅಂಗಡಿಯಲ್ಲಿ ಕೂರುತ್ತಿರಲಿಲ್ಲ. ತಿಳಿದದ್ದು ಇಷ್ಟು. ಮೈ ಎಂಬುದು ಹಳೇ ಕಾಲದ ಯಜಮಾನ. ಅದಕ್ಕೆ ಡಾಕ್ಟರು ಗೊತ್ತಿಲ್ಲ, ಆಪರೇಷನ್ ಗೊತ್ತಿಲ್ಲ. ಊಟ ಕಡಿಮೆಯಾಯಿತು ಎಂದರೆ ಬರ ಬಂತು ಎಂದೇ ಅದರ ತಿಳುವಳಿಕೆ. ನಮ್ಮ ಹಿರಿಯರು ಅಂಥ ಹೊತ್ತಿನಲ್ಲಿ ಜೋಳವನ್ನು ನೆಲದೊಳಗಿನ ಹಗೇವಿಗೆ ಸುರಿದು ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರಲ್ಲ, ಹಾಗೆ ನನ್ನ ಮೈಯೂ ಹಗೇವು ಮುಚ್ಚಿ ಅದರ ಮೇಲೆ ಕೂತುಬಿಟ್ಟಿತ್ತು. ಮೊದಲಿನಷ್ಟು ಭಾರವೂ ಇಲ್ಲವಾದ್ದರಿಂದ, ಹೊತ್ತು ತಿರುಗಲು ಅದಕ್ಕೆ ಮೊದಲಿನಷ್ಟು ಖರ್ಚೂ ಇಲ್ಲ. ಖರ್ಚು ಕಡಿಮೆ ಮಾಡುವುದನ್ನು ನಮ್ಮ ಮನೆಯಲ್ಲಿ ನನ್ನ ಮೈಯೊಂದೇ ಕಲಿತದ್ದು, ಅದೂ ಬೇಡದ ಹೊತ್ತಿನಲ್ಲಿ.

ಊರಿನವರು ಸುಮ್ಮನಿರಲಿಲ್ಲ. ಹುರುಳಿ ಕಟ್ಟು ಕುಡಿಯಿರಿ ಎಂದರು, ಜೀರಿಗೆ ನೀರು ಕುಡಿಯಿರಿ ಎಂದರು, ಎಡಮಗ್ಗುಲಿಗೆ ಮಲಗಿರಿ ಎಂದರು. ವಾಡಿಯ ಗೆಳೆಯನೊಬ್ಬ, ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಷ್ಟು ಉದ್ದದ ಸಪಾಟು ಜಾಗ ಜಿಲ್ಲೆಯಲ್ಲೇ ಇಲ್ಲ, ಬಂದು ನಡೆಯಿರಿ ಎಂದು ಕರೆದ. ಹೋಗಿ ನಡೆದೆ. ಈ ತುದಿಯಲ್ಲಿ ಇಡ್ಲಿ, ಆ ತುದಿಯಲ್ಲಿ ವಡೆ, ನಡುವೆ ಬಿಸಿ ಆಮ್ಲೆಟ್ಟಿನ ವಾಸನೆ. ಗಾಡಿ ನಿಂತಾಗಲೆಲ್ಲ ನೂರು ಜನ ಇಳಿದು ನನ್ನ ಮುಂದೆಯೇ ತಿಂದು ಹತ್ತಿ ಹೋಗುತ್ತಿದ್ದರು. ಅಂಥ ಪರೀಕ್ಷೆ ಋಷಿಗಳಿಗೂ ಆಗಿರಲಿಕ್ಕಿಲ್ಲ.

ನಿಂತ ತೂಕಕ್ಕಿಂತ ಏರಿಳಿಯುವ ತೂಕ ಇನ್ನೂ ಕೆಟ್ಟದ್ದು. ಚಿತ್ತಾಪುರದ ಗೆಳೆಯನೊಬ್ಬನ ಮಗಳ ನಿಕಾಹಕ್ಕೆ ಹೋಗಿದ್ದೆ. ಮಾಂಸ ತಿನ್ನದ ನನ್ನಂಥವರಿಗೆಂದು ಬೇರೆಯೇ ಕಾಯಿಪಲ್ಯದ ತಹರಿ ಅನ್ನ ಮಾಡಿಸಿದ್ದರು. ಪ್ರೀತಿಯಿಂದ ಮಾಡಿಸಿದ್ದನ್ನು ಬೇಡ ಎನ್ನಲಾದೀತೇ, ಒಂದೇ ತಟ್ಟೆ ಹಾಕಿಸಿಕೊಂಡೆ, ಜೊತೆಗೆ ಉಪ್ಪಿನಕಾಯಿ. ಮರುದಿನ ಯಂತ್ರ ಒಂದೂವರೆ ಕಿಲೋ ಹೆಚ್ಚು ತೋರಿಸಿತು. ತಿಂದ ಅನ್ನ, ಉಪ್ಪಿನಕಾಯಿ, ಬೇಕಾದರೆ ತಟ್ಟೆಯನ್ನೂ ಸೇರಿಸಿ ತೂಗಿದರೂ ಒಂದೂವರೆ ಕಿಲೋ ಆಗುವುದಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಏರಿದ್ದು ತಾನೇ ಇಳಿದಿತ್ತು. ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ನೀರಿಗೆ ತೂಕ ಇರುತ್ತದೆ, ಇದರಲ್ಲಿ ಮಾಯೆ ಏನೂ ಇಲ್ಲ. ಮಳೆಗಾಳಿಗೆ ಹಸಿಯಾದ ತೊಗರಿ ತಂದವರಿಗೆ "ಇದು ಮಾಲಿನ ತೂಕ ಅಲ್ಲಪ್ಪ, ನೀರಿನ ತೂಕ" ಎಂದು ಕೈಯಲ್ಲಿ ಹಿಡಿದು ತೋರಿಸುತ್ತ ಬಂದವನು ನಾನು. ಆ ಜ್ಞಾನವೆಲ್ಲ ತೊಗರಿಗೆ ಮೀಸಲಾಗಿತ್ತು. ಯಂತ್ರ ಇಳಿದ ದಿನ ನನ್ನ ಸಾಧನೆ, ಏರಿದ ದಿನ ಯಂತ್ರದ ಸೆಲ್ ವೀಕು.

ಆ ದಿನಗಳಲ್ಲಿ ತೂಕ ಎಂಬ ಮಾತು ಕಿವಿಗೆ ಬಿದ್ದರೆ ಸಿಟ್ಟು ಬರುತ್ತಿತ್ತು. ತೂಕದ ಮನುಷ್ಯ ಎನ್ನುವುದು ನಮ್ಮಲ್ಲಿ ಹೊಗಳಿಕೆ. ತೂಕವಿಲ್ಲದ ಮಾತು ಎಂದರೆ ಬೈಗುಳ. ಅದೇ ಶ್ರಾವಣದಲ್ಲಿ ಹತ್ತಿರದ ಮಠದಲ್ಲಿ ಸ್ವಾಮಿಗಳಿಗೆ ಬೆಲ್ಲದ ತುಲಾಭಾರ ಇತ್ತು. ಒಂದು ಪರಡಿಯಲ್ಲಿ ಸ್ವಾಮಿಗಳು, ಇನ್ನೊಂದರಲ್ಲಿ ಬೆಲ್ಲದ ಪೆಂಟೆ. ಕಳೆದ ವರ್ಷ ಇಟ್ಟಷ್ಟು ಪೆಂಟೆ ಇಟ್ಟರೂ ಸ್ವಾಮಿಗಳ ಪರಡಿ ಮೇಲೇಳಲಿಲ್ಲ, ಇನ್ನೊಂದು ಇಟ್ಟರು, ಮತ್ತೊಂದು ಇಟ್ಟರು. ಪ್ರತಿ ಪೆಂಟೆಗೂ ಭಕ್ತರು ಜಯಘೋಷ ಮಾಡಿದರು. ತೂಕ ಏರಿದ್ದಕ್ಕೆ ಚಪ್ಪಾಳೆ ಬೀಳುವ ದೇಹ ನಮ್ಮ ತಾಲೂಕಿನಲ್ಲಿ ಅದೊಂದೇ. ನಾನು ಹಿಂದಿನ ಸಾಲಿನಲ್ಲಿ ಕೂತು, ಪ್ರಸಾದದ ಬೆಲ್ಲವನ್ನು ಬಾಯಿಗೆ ಹಾಕಲೋ ಕಿಸೆಗೆ ಹಾಕಲೋ ಎಂದು ಯೋಚಿಸುತ್ತಿದ್ದೆ. ಬಾಯಿಗೇ ಹಾಕಿದೆ. ಧರ್ಮದ ವಿಷಯದಲ್ಲಿ ನಾನು ಜಿಪುಣನಲ್ಲ.

ಅಕ್ಕನ ತೂಕದ ಕತೆ ಬೇರೆಯೇ. ಅವಳ ಮೈಯಿಂದ ನೀರು ಹೊರಗೆ ಹೋಗುವ ದಾರಿ ಮುಚ್ಚಿತ್ತು. ಕುಡಿದದ್ದೆಲ್ಲ ಒಳಗೇ ಉಳಿದು ಕಾಲು ಬಾಯುತ್ತಿತ್ತು, ಮುಖ ಊದುತ್ತಿತ್ತು, ಹೆಚ್ಚಾದರೆ ಉಸಿರು ಕಟ್ಟುತ್ತಿತ್ತು. ಡಯಾಲಿಸಿಸ್ಸಿಗೆ ಮೊದಲು ತೂಗುತ್ತಾರೆ, ಆಮೇಲೆ ಯಂತ್ರ ಹಚ್ಚಿ ನೀರು ತೆಗೆದು ಮತ್ತೆ ತೂಗುತ್ತಾರೆ. ಹೋಗುವಾಗ ಐವತ್ತೈದು, ಬರುವಾಗ ಐವತ್ತೆರಡು. ಇಡೀ ದಿನಕ್ಕೆ ಅವಳಿಗೆ ನೀರು ಎಂದರೆ ಒಂದು ಸಣ್ಣ ತಂಬಿಗೆಯಲ್ಲಿ ಅರ್ಧ. ಚಹಾ, ಸಾರು, ಗುಳಿಗೆ ನುಂಗುವ ಗುಟುಕು, ಎಲ್ಲ ಅದರಲ್ಲೇ. ನಾವಿಬ್ಬರೂ ಫೋನಿನಲ್ಲಿ ಪೈಪೋಟಿ ನಡೆಸುತ್ತಿದ್ದೆವು.

"ನಂದು ಇವತ್ತ ಮೂರು ಕಿಲೋ ತೆಗದ್ರಲೇ ಶರಣ್ಯಾ. ನಿಂದು?"

"ನಾಕನೂರು ಗ್ರಾಂ ಏರ್ಯಾದ."

"ನಾಕ್ ತಾಸಿನ್ಯಾಗ ಮೂರು ಕಿಲೋ ಇಳಸ್ತಾರ ಇಲ್ಲಿ. ಒಂದ್ಸಲ ನೀನೂ ಬಂದು ಮಕ್ಕೋ ಬಾಜೂಕ."

ಹಾಗೆ ಅನ್ನುತ್ತ ಅವಳು ನಗುತ್ತಿದ್ದಳು. ಅವಳ ನಗು ಫೋನಿನಲ್ಲಿ ದಿನದಿಂದ ದಿನಕ್ಕೆ ಸಣ್ಣದಾಗುತ್ತಿರುವುದು ನನಗೆ ಕೇಳಿಸುತ್ತಿತ್ತು. ತೊಂಬತ್ತಕ್ಕೆ ನಿಂತಿದ್ದೇನೆ ಎಂದು ಹೇಳುವ ಧೈರ್ಯ ಬರಲಿಲ್ಲ. ಅಡುಗೆಮನೆ ಬಾಗಿಲ ಕಲ್ಲು ಆಗಲೇ ನನಗೆ ಸಿಕ್ಕದ್ದು. ಎಂಬತ್ತೆಂಟು ಎಂದೆ. ಅವಳು ಚಿಂಚೋಳಿಯ ಎಲ್ಲ ಬೀಗರಿಗೂ ಹೇಳಿದಳು.

ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವುದು ನಮ್ಮ ಕಡೆಯ ಪದ್ಧತಿ. ನಾನು ಹಬ್ಬದ ಹಿಂದಿನ ದಿನ ಕಲಬುರಗಿಗೆ ಹೋಗಿ, ಡಯಾಲಿಸಿಸ್ ಮುಗಿಸಿದ ಅಕ್ಕನನ್ನು ನೇರ ಸೇಡಂಗೆ ಕರೆತಂದೆ. ಪಂಚಮಿ ಎಂದರೆ ಉಂಡಿ. ಉಂಡಿ ಕಟ್ಟದಿದ್ದರೆ ಮನೆಗೆ ಒಳ್ಳೆಯದಲ್ಲ ಎಂದು ಸುವರ್ಣ ಆ ಸಂಜೆಯೇ ಶೇಂಗಾದ್ದು, ಎಳ್ಳಿನದು, ರವೆಯದು, ಮೂರು ಥರ ಕಟ್ಟಿ ಪರಾತದ ತುಂಬ ತಂದು ನಮ್ಮಿಬ್ಬರ ನಡುವೆ ಇಟ್ಟಳು. ಇಟ್ಟಮೇಲೆ ಅವಳಿಗೇ ಹೊಳೆಯಿತು. ಅಕ್ಕನಿಗೆ ಶೇಂಗಾ, ಎಳ್ಳು, ಕೊಬ್ಬರಿ ಎಲ್ಲ ವಿಷ. ನನಗೆ ಬೆಲ್ಲ, ಸಕ್ಕರೆ, ತುಪ್ಪ ಬಂದ್. ಮೂವರೂ ಪರಾತವನ್ನು ನೋಡುತ್ತ ಕೂತೆವು.

"ಮೂಸಿ ನೋಡಬ್ಯಾಡ ಅಂತ ಡಾಕ್ಟ್ರು ಅಂದಿಲ್ಲಲ್ಲ," ಎಂದು ಅಕ್ಕ ಒಂದು ಎಳ್ಳುಂಡಿ ಎತ್ತಿ ಮೂಸಿ, ಕಣ್ಣು ಮುಚ್ಚಿ, ನನ್ನ ಕೈಗೆ ಕೊಟ್ಟಳು. ನಾನೂ ಮೂಸಿ ಪರಾತದಲ್ಲಿ ಇಟ್ಟೆ.

"ಇಬ್ಬರೂ ಮೂಸಿದ್ದು ಯಾರು ತಿನ್ನಬೇಕ್ರಿ ಅಕ್ಕಾರ?" ಎಂದಳು ಸುವರ್ಣ.

"ನೀ ತಿನ್ನವ್ವ. ಈ ವರ್ಷ ತವರಿನ ಉಂಡಿ ನಿನ್ನ ಪಾಲಿಗೆ."

ಸುವರ್ಣ ಥರಕ್ಕೊಂದರಂತೆ ಮೂರು ತಿಂದಳು, ಬಹಳ ಸಂಕೋಚದಿಂದ, ಒಂದು ಚೂರೂ ಉಳಿಸದೆ. ಆಮೇಲೆ ಬಾಯಿ ತೆರವಾದ್ದರಿಂದ ಮನೆಯ ಗುಟ್ಟನ್ನೂ ಹೇಳಿಬಿಟ್ಟಳು. ಇವರಿಗೊಂದು ಪ್ರೀತಿಯ ಕಲ್ಲು ಇದೆ ಅಕ್ಕಾರ, ದಿನಾ ಅದರ ಮೇಲೇ ತೂಗಿಕೊಳ್ಳುತ್ತಾರೆ ಎಂದು. ಅಕ್ಕ ಎದ್ದಳು. ಯಂತ್ರ ತರಿಸಿ, ಅಡುಗೆಮನೆ ಬಾಗಿಲಲ್ಲಿ ಇಡಿಸಿ, ಗೋಡೆ ಹಿಡಿದು ತಾನೇ ಏರಿ ನಿಂತಳು. ಐವತ್ತೂವರೆ.

"ಈಗ ದವಾಖಾನ್ಯಾಗ ಐವತ್ತೆರಡು ಅಂತ ಬರಕೊಂಡಾರ. ಅಲ್ಲಿಂದ ಇಲ್ಲೀತನ ಬಸ್ಸಿನ್ಯಾಗ ಕುಂತು ಬಂದೀನಿ. ಒಂದೂವರಿ ಕಿಲೋ ಎಲ್ಲಿ ಇಳೀತಲೇ?"

ಅವಳು ಯಂತ್ರವನ್ನು ಕಾಲಿನಿಂದಲೇ ತಳ್ಳಿಕೊಂಡು ಬಚ್ಚಲ ಮುಂದೆ ಒಯ್ದು ಏರಿದಳು. ಐವತ್ತೆರಡು. ಇಳಿದು, "ನೀ ನಿಂದ್ರು ಬಾ," ಎಂದಳು. ನಿಂತೆ. ತೊಂಬತ್ತು, ಮೇಲೆ ಎರಡು ನೂರು ಗ್ರಾಂ. ಅವಳು ಬಗ್ಗಿ ಆ ಅಂಕಿಯನ್ನು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

"ಎರಡು ತಿಂಗಳಿಂದ ಹಿಂಗೇ ನಿಂತಾದೇನು?"

"ಹ್ಞೂಂ."

"ಸಾಕು ಬಿಡಲೇ ತಮ್ಮಾ. ನೀ ಹೊಟ್ಟಿ ಕಟ್ಟೋದು ನನಗ ನೋಡ್ಲಿಕ್ಕ ಆಗಂಗಿಲ್ಲ. ನಾ ಹಿಂಗೇ ಸೂಜಿ ಚುಚ್ಚಿಸ್ಕೋತ ಎಷ್ಟು ದಿನ ಆಗ್ತದ ಅಷ್ಟು ದಿನ ಇರ್ತೀನಿ."

"ನಂದು ಬರೀ ಹಸಿವಿ ಅಕ್ಕಾ. ನಿಂದು?"

ಅವಳು ಬಚ್ಚಲ ಕಟ್ಟೆಯ ಮೇಲೆ ಕೂತಳು. ಹೊರಗೆ ಮಳೆ ಹನಿಯುತ್ತಿತ್ತು, ಮಾಳಿಗೆಯ ನೀರು ಕೊಳವೆಯಿಂದ ಕೊಡಕ್ಕೆ ಬೀಳುತ್ತಿತ್ತು. "ಈ ಸಪ್ಪಳ ಕೇಳ್ಲಿಕ್ಕ ಆಗಂಗಿಲ್ಲ ನನಗ," ಎಂದಳು. "ರಾತ್ರಿ ಕನಸಿನ್ಯಾಗ ಕಾಗಿಣಾ ಹೊಳಿಗೆ ಹೋಗಿ ಬಗ್ಗಿ ಕುಡೀತೀನಿ. ಎದ್ದಮ್ಯಾಗ ನಾಲಿಗಿ ಅಂಗಳಕ್ಕ ಅಂಟಿರ್ತದ. ಹಸಿವಿಗಾದ್ರ ಸಿಟ್ಟು ಬರ್ತದ. ನೀರಡಿಕಿಗೆ ಅದೂ ಬರಂಗಿಲ್ಲ, ಬರೀ ಅಳು ಬರ್ತದ. ಅತ್ರ ನೀರು ಖರ್ಚಾಗ್ತದಲ್ಲ ಅಂತ ಅಳ್ಳಾಕೂ ಮನಸ್ಸಾಗಂಗಿಲ್ಲ."

ಅವಳು ಅದನ್ನು ತಮಾಷೆಯಾಗಿಯೇ ಹೇಳಿದಳು. ಸುವರ್ಣ ಹೊರಗೆ ಹೋಗಿ ಕೊಡವನ್ನು ಕೊಳವೆಯ ಕೆಳಗಿನಿಂದ ಸರಿಸಿ, ಅಲ್ಲೊಂದು ಗೋಣಿಚೀಲ ಹಾಸಿ ಬಂದಳು. ಸದ್ದು ನಿಂತಿತು. ನನಗೆ ಹೆದರಿಕೆಯಾಯಿತು. ಅಷ್ಟು ದಿನ ನಾನು ಹೆದರಿದ್ದು ಅಂಕಿಗೆ. ಅಕ್ಕ ಇಲ್ಲದೆ ಹೋದಾಳು ಎಂದು ಹೆದರಿದ್ದು ಅವತ್ತು. ನನ್ನನ್ನು ಎತ್ತಿ ಆಡಿಸಿದವಳು ಕಾಲು ಬಾತುಕೊಂಡು ಕೂತಿದ್ದಾಳೆ, ನಾನು ಕಲ್ಲು ಆರಿಸುತ್ತ ತಿಂಗಳು ಕಳೆದಿದ್ದೇನೆ. ತಮಾಷೆ ಎಲ್ಲ ಬಾಯಲ್ಲೇ ಒಣಗಿತು.

ಹಬ್ಬ ಮುಗಿದ ಮೇಲೆ ಸುವರ್ಣ ಯಂತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಅಂಗಡಿಗೆ ತಂದು, ಮಟ್ಟ ನೋಡಿ ಗಾರೆ ಹಾಕಿಸಿದ ಕಾಟಾದ ನೆಲದ ಮೇಲೆ ಇಟ್ಟಳು. ಸೋಮವಾರ ಬೆಳಿಗ್ಗೆ ಬಜಾರ ತೆರೆಯುವ ಮೊದಲು ಒಂದು ಸಲ, ಅಂಗಿ ಲುಂಗಿ ಲಿಂಗ ಎಲ್ಲದರ ಸಮೇತ. ಉಳಿದ ದಿನ ಯಂತ್ರ ಅವಳ ಟ್ರಂಕಿನಲ್ಲಿ, ಬೀಗದ ಕೈ ಅವಳ ಸೊಂಟದಲ್ಲಿ. ಮೊದಲ ವಾರ ಕೈಕಾಲು ಆಡಲಿಲ್ಲ. ಬೀಡಿ ಬಿಟ್ಟವರಿಗೆ ಹೀಗೇ ಆಗುತ್ತದಂತೆ. ಬೇಳೆಯ ಅಂಗಡಿಗಳ ಮುಂದೆ ನಿಂತು ಅವರ ತಕ್ಕಡಿಯನ್ನು ಆಸೆಯಿಂದ ನೋಡಿದ್ದೂ ಉಂಟು.

ತೂಕ ಆಮೇಲೂ ಕೂಡಲೇ ಇಳಿಯಲಿಲ್ಲ. ಹೀಗೆ ಮಾಡಿದೆ ಹಾಗೆ ಇಳಿಯಿತು ಎಂದು ಹೇಳಿದರೆ ನಿಮಗೆ ಉಪಯೋಗವಾದೀತು, ಆದರೆ ನಿಜ ಹಾಗಿಲ್ಲ. ಸಂಜೆಯೂ ನಡೆದೆ. ಅನ್ನ ಬಿಟ್ಟು ಹೆಸರುಕಾಳಿಗೆ ಬಂದೆ. ಬೇಗ ಮಲಗಿದೆ, ಸುಮ್ಮನೆ ಎದ್ದಿದ್ದರೆ ಹಸಿವು ಮಾತಾಡಿಸುತ್ತದೆ ಎಂದು. ಎರಡು ಸೋಮವಾರ ಏನೂ ಆಗಲಿಲ್ಲ. ಮೂರನೆಯ ಸೋಮವಾರ ಏಳು ನೂರು ಗ್ರಾಂ ಹೋಯಿತು, ಮರುವಾರ ಮುನ್ನೂರು ವಾಪಸು ಬಂತು, ಅದರ ಮರುವಾರ ಮತ್ತೆ ಹೋಯಿತು. ಯಂತ್ರ ದಿನಾ ಏನಾದರೂ ಹರಟುತ್ತದೆ, ನಿನ್ನೆಯ ಉಪ್ಪಿನ ಬಗ್ಗೆ, ಇವತ್ತಿನ ಸಂಡಾಸಿನ ಬಗ್ಗೆ. ನಮ್ಮ ಬಗ್ಗೆ ಅದು ಮಾತಾಡುವುದು ತಿಂಗಳಿಗೊಂದೆರಡು ಸಲ. ಬಜಾರದಲ್ಲಿ ಧಾರಣೆ ಏರಿಳಿದಾಗಲೆಲ್ಲ ಎದೆ ಬಡಿದುಕೊಳ್ಳುವ ವ್ಯಾಪಾರಿ ಬಹಳ ದಿನ ಬಾಳುವುದಿಲ್ಲ ಎಂದು ನನ್ನ ತಂದೆ ಹೇಳುತ್ತಿದ್ದರು. ಹಾಗೆ ಹೇಳುತ್ತಿದ್ದವರು ಧಾರಣೆ ಕೇಳಲು ದಿನಾ ಮೂರು ಸಲ ಫೋನ್ ಮಾಡುತ್ತಿದ್ದರು ಎಂಬುದು ಬೇರೆ ಮಾತು.

ದೀಪಾವಳಿ ಕಳೆದು ಚಳಿ ಬಿದ್ದಾಗ ಹೈದರಾಬಾದಿಗೆ ಹೋದೆವು. ಆಸ್ಪತ್ರೆಯ ಯಂತ್ರ ಎಂಬತ್ತೈದು, ನಾಲ್ಕು ನೂರು ಎಂದಿತು. ನಾನು ಕರಡಿಗೆಯ ವಿಷಯ ಎತ್ತುವುದರೊಳಗೆ ಡಾಕ್ಟರಮ್ಮ ನಡೆಯುತ್ತದೆ ಎಂಬಂತೆ ತಲೆ ಆಡಿಸಿದರು. ವ್ಯಾಪಾರಿಯ ಬಾಯಿ ಸುಮ್ಮನಿರುತ್ತದೆಯೇ, ಕೊಡುವ ಮಾಲಿನ ತೂಕ ಎಷ್ಟು ಎಂದು ಕೇಳಿದೆ. ಒಂದು ಕಿಡ್ನಿ ಹೆಚ್ಚುಕಡಿಮೆ ನೂರೈವತ್ತು ಗ್ರಾಂ ಎಂದರು. ನೂರೈವತ್ತು ಗ್ರಾಂ. ಅಷ್ಟು ತೊಗರಿ ನಮ್ಮ ಅಂಗಡಿಯಲ್ಲಿ ಕಸಬರಿಗೆಗೆ ಹೋಗುತ್ತದೆ. ಅಷ್ಟು ಕೊಡುವುದಕ್ಕೆ ಹದಿನೈದು ಕಿಲೋ ಇಳಿಸಿದ ವ್ಯಾಪಾರ ನಮ್ಮ ವಂಶದಲ್ಲಿ ಯಾರೂ ಮಾಡಿರಲಿಲ್ಲ. ಅಜ್ಜ ಇದ್ದಿದ್ದರೆ ನನ್ನನ್ನು ಅಂಗಡಿಯಿಂದ ಎಬ್ಬಿಸಿ ಹೊರಗೆ ಹಾಕುತ್ತಿದ್ದ.

ಆಪರೇಷನ್ನಿನ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ, ಮಲಗಿದ್ದೆ. ಎಚ್ಚರವಾದಾಗ ಎಡಪಕ್ಕೆ ಉರಿಯುತ್ತಿತ್ತು, ಸುವರ್ಣ ಕುರ್ಚಿಯಲ್ಲಿ ಕೂತು ತೂಕಡಿಸುತ್ತಿದ್ದಳು. ಅಕ್ಕ ಬೇರೆ ಕೋಣೆಯಲ್ಲಿ, ಗಾಜಿನ ಆಚೆ, ಯಾರೂ ಹೋಗುವ ಹಾಗಿಲ್ಲ. ಹೇಗಿದ್ದಾಳೆ ಎಂದರೆ ಎಲ್ಲರೂ "ನೋಡೋಣ" ಎನ್ನುತ್ತಿದ್ದರು. ಆ ಮಾತು ಕೇಳಿ ಕೇಳಿ ಸಾಕಾಗಿತ್ತು. ಮರುದಿನ ಬೆಳಿಗ್ಗೆ ನರ್ಸಮ್ಮ ಫೋನು ತಂದು ನನ್ನ ಕಿವಿಗೆ ಹಿಡಿದಳು.

"ಶರಣ್ಯಾ," ಎಂದಿತು ಅಕ್ಕನ ಧ್ವನಿ, ಬಾವಿಯೊಳಗಿಂದ ಬಂದ ಹಾಗೆ. "ಬರ್ಲಿಕತ್ತದಲೇ."

"ಏನು?"

"ಉಚ್ಚಿ. ಚೀಲ ತುಂಬಿ ಬದ್ಲಿ ಮಾಡಿದ್ರು. ಮತ್ತ ತುಂಬ್ಲಿಕತ್ತದ. ಡಾಕ್ಟ್ರು ಬಂದು ನೋಡಿ ನಕ್ಕು ಹೋದ್ರು. ನಿನ್ನ ಕಿಡ್ನಿ ನಿನ್ನಂಗೇ ಅದ, ಸುಮ್ನ ಕುಂದ್ರಂಗಿಲ್ಲ."

ಒಬ್ಬರ ಉಚ್ಚೆಯ ಸುದ್ದಿ ಕೇಳಿ ನಾನು ಅತ್ತದ್ದು ಅದೇ ಮೊದಲು. ಅತ್ತರೆ ಹೊಲಿಗೆ ಎಳೆಯುತ್ತಿತ್ತು; ಆದರೂ ಅತ್ತೆ. ಸುವರ್ಣ ಗಾಬರಿಯಾಗಿ ಎದ್ದು ಏನಾಯಿತು ಎಂದು ಕೇಳಿದಳು. ಉಚ್ಚೆ ಬಂತು ಎಂದೆ. ಯಾರಿಗೆ ಎಂದಳು. ಅಕ್ಕನಿಗೆ ಎಂದೆ. ಅವಳೂ ಅಳತೊಡಗಿದಳು. ನರ್ಸಮ್ಮ ಕನ್ನಡ ಬಾರದವಳು, ನಮ್ಮಿಬ್ಬರನ್ನೂ ನೋಡಿ ಹೆದರಿಕೊಂಡಳು.

"ಅಳಬ್ಯಾಡ ಸುಮ್ನಿರು, ಕೇಳಿಲ್ಲಿ," ಎಂದಳು ಅಕ್ಕ. "ನೀರು ಕುಡೀರಿ ಅಂದಾರ. ಹೋಗೋವಷ್ಟು ಕುಡೀಬೇಕಂತ. ಮುಂದ ದೊಡ್ಡ ಬಾಟ್ಲಿ ಇಟ್ಟಾರ. ನನಗ ಅಂಜಿಕಿ ಬರ್ಲಿಕತ್ತದಲೇ, ಬಾಯಿಗೆ ಹಚ್ಲಿಕ್ಕ ಆಗವಲ್ದು."

"ಕುಡಿ ಅಕ್ಕಾ," ಎಂದೆ.

ಬಾಟ್ಲಿಯ ಮುಚ್ಚಳ ತಿರುಗುವುದು ಕೇಳಿಸಿತು. ಆಮೇಲೆ ಗಟಗಟ ಎಂದು ಗಂಟಲಿಳಿಯುವ ಸದ್ದು ಫೋನಿನಲ್ಲಿ ಬರತೊಡಗಿತು, ಒಂದೇ ಸಮನೆ, ನಡುವೆ ಉಸಿರಿಗೆ ಮಾತ್ರ ನಿಂತು. ನಿಂತಾಗ ನಾನು ಮತ್ತೆ ಹೇಳಿದೆ, "ಕುಡಿ. ಇನ್ನೂ ಕುಡಿ."